ಚಪ್ಪಡಿಯ ಕೆಳಗಿನ ಉಪ್ಪು, ಇದ್ದಿಲು

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹೆಣ್ಣುಮಗಳು ಹೋದ ತಿಂಗಳು ಕರೆಂಟಿನ ಕಾರು ಕೊಂಡಳು. ಅದನ್ನು ಚಾರ್ಜ್ ಮಾಡಲು ಷೆಡ್ಡಿನಲ್ಲಿ ಒಂದು ಪವರ್ ಪ್ಲಗ್ ಹಾಕಿಸಿಕೊಳ್ಳಬಹುದೇ ಎಂದು ಕೇಳಲು ಕೆಳಗೆ ಬಂದಳು. ಆಗಬಹುದು ಎಂದು ನಾನು ಹೇಳುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದಳು.

“ಅರ್ತಿಂಗ್‌ಗೆ ಮೂಲೇಲಿ ಒಂಚೂರು ಅಗೀಬೇಕಂತೆ ಅಂಕಲ್. ಆ ಚಪ್ಪಡಿ ಎತ್ತಿಸಿದ್ರೆ ಸಾಕು ಅಂದ್ರು.”

“ಚಪ್ಪಡಿ ಎತ್ತೋದೆಲ್ಲ ಬೇಡಮ್ಮ.”

“ಯಾಕಂಕಲ್?”

ಯಾಕೆ ಎಂದು ಹೇಳಲಾಗದೆ ಸಿಡುಕಿದೆ. ಪಾಪ, ಆಕೆ ನನ್ನನ್ನು ಹಟಮಾರಿ ಮುದುಕ ಎಂದುಕೊಂಡು ಮೆಟ್ಟಿಲು ಹತ್ತಿ ಹೋದಳು. ಹಾಗೆ ಅಂದುಕೊಂಡರೆ ಅಡ್ಡಿಯಿಲ್ಲ. ನಿಜ ಗೊತ್ತಾದರೆ ಇನ್ನೂ ಕೀಳಾಗಿ ಕಾಣಬೇಕಾಗುತ್ತದೆ.

ರಾಜಾಜಿನಗರದ ಈ ಮನೆಯ ಷೆಡ್ಡಿನಲ್ಲಿ ಆ ಚಪ್ಪಡಿ ಬಿದ್ದು ಮೂವತ್ತೆಂಟು ವರ್ಷವಾಯಿತು. ಅದರ ಕೆಳಗೊಂದು ಹೊಂಡವಿದೆ. ಅದನ್ನು ತೋಡಿದವರು ಒಬ್ಬ ವೈರ್‌ಮನ್. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದಿದ್ದೇನೆ, ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ. ಅದರಿಂದ ಅವರಿಗೆ ಆದದ್ದೇ ಸಾಕು.

ಎಂಬತ್ತರ ದಶಕದಲ್ಲಿ ನಮ್ಮ ಕಡೆ ಕರೆಂಟಿನ ಕೆಲಸವೆಂದರೆ ಎಲ್ಲರಿಗೂ ಮೊದಲು ನೆನಪಾಗುತ್ತಿದ್ದುದು ಅವರು. ಬೇರೆ ಯಾರೂ ಸಿಗದಿದ್ದರೆ ಮಾತ್ರ ಕರೆಯುತ್ತಿದ್ದುದೂ ಅವರನ್ನೇ. ಕೆಲಸ ಅಷ್ಟು ಒಳ್ಳೆಯದು, ಬಾಯಿ ಅಷ್ಟು ಕೆಟ್ಟದ್ದು. ಕಾಮಾಕ್ಷಿಪಾಳ್ಯದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಖಾಕಿ ಪ್ಯಾಂಟು, ಕಿವಿಯ ಮೇಲೆ ಸಿಕ್ಕಿಸಿದ ಟೆಸ್ಟರು, ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಲ್ಲಿ ಹಳೆಯ ಬನಿಯನ್ನಿನಿಂದ ಸುತ್ತಿದ ಒಂದು ನೂರು ವಾಟಿನ ಬಲ್ಬು. ಕೆಲಸ ಮುಗಿಯುವವರೆಗೆ ಕಾಫಿ ಮುಟ್ಟುತ್ತಿರಲಿಲ್ಲ. “ಕಾಫಿ ಕುಡಿದ್ರೆ ನಿಮ್ಮ ಮಾತು ಕೇಳ್ಬೇಕಾಗತ್ತೆ, ಬೇಡ,” ಎನ್ನುತ್ತಿದ್ದರು. ಈ ಮಾತನ್ನು ಅವರು ತಮಾಷೆಗೆ ಹೇಳುತ್ತಾರೆಂದು ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಯಾರ ಮನೆಯಲ್ಲಾದರೂ ಹೆಂಗಸರು ಬರಿಗಾಲಿನಲ್ಲಿ ನಿಂತು ಇಸ್ತ್ರಿ ಮಾಡುವುದು ಕಂಡರೆ ಅವರಿಗೆ ಮೈಯೆಲ್ಲ ಉರಿ. ಒಳಗೆ ಚಪ್ಪಲಿ ಹಾಕುವುದಿಲ್ಲ ಎಂದರೆ, ದೇವರ ಮನೆಯ ಪಕ್ಕದಲ್ಲಿ ಒರಗಿಸಿಟ್ಟ ಮಣೆಯನ್ನು ತಾವೇ ತಂದು ಕಾಲಡಿಗೆ ಹಾಕುತ್ತಿದ್ದರು. “ಊಟಕ್ಕೆ ಕೂರೋಕೆ ಮಣೆ ಬೇಕು, ಪ್ರಾಣ ಉಳ್ಸ್ಕೊಳ್ಳೋಕೆ ಬೇಡ್ವಾ ಅಮ್ಮಾವ್ರೇ?” ಊಟದ ಮಣೆಯನ್ನು ಕಾಲಲ್ಲಿ ತುಳಿಯುವುದೇ ಎಂದು ನಮ್ಮಮ್ಮ ವಾರಗಟ್ಟಲೆ ಗೊಣಗಿದಳು. ಆದರೆ ಆಮೇಲೆ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಇಸ್ತ್ರಿ ಮೇಜಿನ ಕೆಳಗೆ ಒಂದು ಹಳೇ ಮಣೆ ಬಂತು.

ಕರೆಂಟನ್ನು ಅವರು ‘ಅದು’ ಎನ್ನುತ್ತಿರಲಿಲ್ಲ, ‘ಅವನು’ ಎನ್ನುತ್ತಿದ್ದರು. ಅರ್ತಿಂಗ್ ಎಂದರೇನು ಎಂದು ನಾನೊಮ್ಮೆ ಕೇಳಿದಾಗ ಹೇಳಿದ್ದು ಹೀಗೆ: “ಅವನು ಯಾವಾಗ್ಲೂ ಭೂಮಿಗೆ ಹೋಗೋಕೆ ದಾರಿ ಹುಡುಕ್ತಾ ಇರ್ತಾನೆ. ದಾರಿ ತಪ್ಪಿದ ದಿವ್ಸ ಹೋಗ್ಲಿ ಅಂತ ನಾವೇ ಒಂದು ದಾರಿ ಮಾಡಿಟ್ಟಿರ್ಬೇಕು. ಇಲ್ದಿದ್ರೆ ಯಾರ ಮೈಮೇಲಾದ್ರೂ ನಡ್ಕೊಂಡು ಹೋಗ್ತಾನೆ. ಅವನಿಗೇನು ಮುಲಾಜಾ?”

ಆ ದಾರಿಯೇ ಹೊಂಡ. ಆಳುದ್ದಕ್ಕಿಂತ ಆಳಕ್ಕೆ ತೋಡಿ, ತೂತು ಕೊರೆದ ಕಬ್ಬಿಣದ ಪೈಪನ್ನು ನಿಲ್ಲಿಸಿ, ಅದರ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ತುಂಬುತ್ತಿದ್ದರು. ಮನೆಯ ಪ್ಲಗ್ಗುಗಳಿಂದ ಬಂದ ದಪ್ಪ ತಂತಿಯನ್ನು ಆ ಪೈಪಿಗೆ ಬಿಗಿಯುತ್ತಿದ್ದರು. ಪೈಪಿನ ಬಾಯಿಗೆ ತಗಡಿನ ಲಾಳಿಕೆ, ನೀರು ಹುಯ್ಯುವುದಕ್ಕೆ. ಮಣ್ಣು ಒಣಗಿದರೆ ದಾರಿ ಮುಚ್ಚಿಹೋಗುತ್ತದಂತೆ. ಕೊನೆಗೆ ಬನಿಯನ್ನಿನಿಂದ ಆ ಬಲ್ಬು ಬಿಚ್ಚಿ, ಒಂದು ತಂತಿಯನ್ನು ಕರೆಂಟಿಗೂ ಇನ್ನೊಂದನ್ನು ಹೊಂಡದ ಪೈಪಿಗೂ ಮುಟ್ಟಿಸುತ್ತಿದ್ದರು. ಬಲ್ಬು ಝಗ್ಗೆಂದು ಪೂರ್ತಿ ಹತ್ತಿಕೊಂಡರೆ ಹೊಂಡ ಸರಿ. ಮಂಕಾಗಿ ಹತ್ತಿದರೆ ಮತ್ತೆ ಅಗೆತ. ಇದನ್ನೆಲ್ಲ ಆಗ ಮಾಡುತ್ತಿದ್ದವರು ಕಡಿಮೆ. ಬಹಳಷ್ಟು ಮನೆಗಳಲ್ಲಿ ಅರ್ತ್ ತಂತಿಯನ್ನು ಹತ್ತಿರದ ನಲ್ಲಿಯ ಪೈಪಿಗೆ ಸುತ್ತಿ ಕೈ ತೊಳೆದುಕೊಳ್ಳುತ್ತಿದ್ದರು. ಕೈ ತೊಳೆಯುವುದೂ ಅದೇ ನಲ್ಲಿಯಲ್ಲಿ.

ಬೇಸಿಗೆ ಬಂದರೆ ಅವರ ಸೈಕಲ್ಲಿಗೆ ಚೀಲದ ಜೊತೆ ಒಂದು ಬಿಂದಿಗೆಯೂ ಬರುತ್ತಿತ್ತು. ತಾವು ಹೊಂಡ ಹಾಕಿದ ಮನೆಗಳ ಗೇಟು ಬಡಿದು, ಕೇಳದೆಯೇ ಒಳಗೆ ಬಂದು, ಲಾಳಿಕೆಗೆ ನೀರು ಹುಯ್ದು ಹೋಗುತ್ತಿದ್ದರು. ನೀರಿಗೇ ಬರವಿದ್ದ ದಿನಗಳಲ್ಲಿ ಇದು ಹೆಂಗಸರಿಗೆ ಸಿಟ್ಟು ತರಿಸುತ್ತಿತ್ತು. ಪಕ್ಕದ ಮನೆಯವರು ಅವರಿಗೆ ‘ಹೊಂಡದಯ್ಯ’ ಎಂದು ಹೆಸರಿಟ್ಟಿದ್ದರು. ನಾನೂ ಹಾಗೇ ಕರೆದು ನಕ್ಕಿದ್ದೇನೆ.

ಒಮ್ಮೆ ಆಯುಧ ಪೂಜೆಯ ದಿನ ಅವರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಅದಕ್ಕೊಂದು ಅಡುಗೆ ಮೂಲೆ. ಗೋಡೆಯಲ್ಲಿ ದೇವರ ಪಟದ ಪಕ್ಕದಲ್ಲಿ ಅವರ ಲೈಸೆನ್ಸು, ಕಟ್ಟು ಹಾಕಿಸಿದ್ದು, ಗಾಜಿನ ಮೇಲೆ ಅರಿಶಿನ ಕುಂಕುಮ. ಮಂಡಕ್ಕಿ ಕಡ್ಲೆ ಕೊಟ್ಟು ಅವರು ಹೇಳಿದ್ದು ನೆನಪಿದೆ. “ನಮ್ಮಪ್ಪ ಗಾರೆ ಕೆಲ್ಸಕ್ಕೆ ಕಲ್ಲು ಹೊರ್ತಿದ್ದ, ಚಿಕ್ಕೆಜಮಾನ್ರೇ. ಅವನ ಹೆಸ್ರು ಎಲ್ಲೂ ಬರೆದಿರ್ಲಿಲ್ಲ, ಸತ್ತಾಗ ಬರ್ಕೊಂಡ್ರು ಅಷ್ಟೆ. ನನ್ನ ಹೆಸ್ರು ನೋಡಿ, ಸರ್ಕಾರದ ಸೀಲ್ ಹಾಕಿ ಕೊಟ್ಟವ್ರೆ.”

ನಮ್ಮ ತಂದೆ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಕೈ ಸುಮ್ಮನಿರುವುದಿಲ್ಲ, ಬಾಯಿಯೂ. ಪೆಟ್ರೋಲಿನ ರೇಟು ಏರಿದಾಗಲೆಲ್ಲ ಸರ್ಕಾರವನ್ನು ಬೈದು ಬೈದು, ಕೊನೆಗೆ ಎಂಜಿನ್ ಸತ್ತ ಒಂದು ಹಳೇ ಕಾರನ್ನು ಎಳೆದು ತಂದು ಷೆಡ್ಡಿನಲ್ಲಿ ನಿಲ್ಲಿಸಿದರು. ಎಂಜಿನ್ ಕಿತ್ತುಹಾಕಿ, ಸಾಮಾನು ಸಾಗಿಸುವ ಟ್ರಾಲಿಯದೊಂದು ಮೋಟಾರು ಕೂಡಿಸಿ, ಹಿಂದಿನ ಸೀಟು ತೆಗೆದು ಲಾರಿ ಬ್ಯಾಟರಿಗಳನ್ನು ತುಂಬಿದರು. ಅವನ್ನು ಚಾರ್ಜ್ ಮಾಡಲು ಕಬ್ಬಿಣದ ಪೆಟ್ಟಿಗೆಯೊಳಗೆ ತಾವೇ ಸುತ್ತಿದ ಟ್ರಾನ್ಸ್‌ಫಾರ್ಮರು. ಇದಕ್ಕೆಲ್ಲ ಷೆಡ್ಡಿನಲ್ಲಿ ಹದಿನೈದು ಆಂಪಿಯರಿನ ಪವರ್ ಪ್ಲಗ್ ಬೇಕಾಯಿತು. ಅದಕ್ಕೆ ಕರೆಂಟ್ ಆಫೀಸಿಗೆ ಲೈಸೆನ್ಸ್ ಇದ್ದವರು ಸಹಿ ಮಾಡಿದ ವರದಿ ಕೊಡಬೇಕಿತ್ತು.

“ಏನಯ್ಯಾ, ಒಂದು ಪ್ಲಗ್ ಹಾಕೋಕೆ ಬಾವಿ ತೋಡ್ಬೇಕಾ?” ಎಂದರು ಅಪ್ಪ, ಹೊಂಡಕ್ಕೆ ಗುರುತು ಮಾಡುತ್ತಿದ್ದವರನ್ನು ನೋಡಿ.

“ಯಜಮಾನ್ರೇ, ನೀವು ಮಾಡಿರೋ ಪೆಟ್ಟಿಗೆ ನೋಡಿದೀನಿ. ಅದಕ್ಕೆ ಎರಡು ಬಾವಿ ಬೇಕು. ಒಂದರಲ್ಲಿ ಮುಗಿಸ್ತಿದೀನಿ.”

“ನಾನು ಮೂವತ್ತು ವರ್ಷ ಫೋರ್‌ಮನ್ ಆಗಿದ್ದೋನು ಕಣಯ್ಯ.”

“ಅದಕ್ಕೇ ಭಯ.”

ಅಪ್ಪ ಅವತ್ತು ನಕ್ಕುಬಿಟ್ಟರು. ವೈರ್‌ಮನ್ ಎರಡು ದಿನ ಅಗೆದರು. ಕಲ್ಲುಪ್ಪಿನ ಮೂಟೆಯಿಂದ ನಾನೇ ಬೊಗಸೆಯಲ್ಲಿ ಎತ್ತೆತ್ತಿ ಕೊಟ್ಟೆ, ಅವರು ಪದರ ಹಾಸಿದರು. ಬಲ್ಬು ಝಗ್ಗೆಂದಿತು. ವರದಿಗೆ ಸಹಿ ಹಾಕುವ ಮುಂಚೆ ಕೈ ತೊಳೆದು, ಒರೆಸಿಕೊಂಡು, ಒಂದೊಂದೇ ಅಕ್ಷರ ಬರೆದರು. ಪೂರ್ತಿ ಹೆಸರು. ಆಮೇಲೆ ಕಾಫಿ ಕೇಳಿದರು.

ಕಾರು ಓಡಿತು, ಸುಳ್ಳಲ್ಲ. ಸದ್ದಿಲ್ಲದೆ ಹೋಗುವ ಕಾರನ್ನು ನೋಡಲು ಬೀದಿಯವರೆಲ್ಲ ಗೇಟಿಗೆ ಬಂದರು. ಬಸವೇಶ್ವರನಗರದವರೆಗೆ ಹೋಗಿ ಬಂದ ದಿನ ಅಪ್ಪ ಮೀಸೆ ತಿರುವಿದ್ದೇ ತಿರುವಿದ್ದು. ಅದೇ ಧೈರ್ಯದಲ್ಲಿ ಇನ್ನೊಂದು ದಿನ ಮಾಗಡಿ ರಸ್ತೆಗೆ ಇಳಿಸಿದೆವು. ಕಾಮಾಕ್ಷಿಪಾಳ್ಯದ ಹತ್ತಿರ ಕಾರು ನಿಂತುಹೋಯಿತು. ಬಸ್ಸುಗಳು ಹಿಂದಿನಿಂದ ಹಾರನ್ ಹೊಡೆಯುತ್ತಿದ್ದಾಗ ಎಲ್ಲಿಂದಲೋ ಸೈಕಲ್ಲು ತಳ್ಳಿಕೊಂಡು ಅವರು ಬಂದರು. ಸೈಕಲ್ಲನ್ನು ಅಂಗಡಿಯೊಂದರ ಮುಂದೆ ನಿಲ್ಲಿಸಿ, “ಯಜಮಾನ್ರೇ, ನೀವು ಸ್ಟೇರಿಂಗ್ ಹಿಡೀರಿ,” ಎಂದರು. ಅವರೂ ನಾನೂ ಭುಜಕ್ಕೆ ಭುಜ ಕೊಟ್ಟು ಅಲ್ಲಿಂದ ಮನೆಯವರೆಗೆ ತಳ್ಳಿದೆವು. ಬ್ಯಾಟರಿಯ ಭಾರ, ಏರು ಬೇರೆ. “ಒಬ್ಬನ ಕೈಲಿ ಆಗಲ್ಲ, ಇಬ್ರಿದ್ರೆ ಎದ್ದು ಬರತ್ತೆ,” ಎಂದು ಏದುಸಿರು ಬಿಡುತ್ತ ಹೇಳಿದರು. ಈ ಮಾತನ್ನು ಮರೆಯದೆ ಇಟ್ಟುಕೊಂಡಿರಿ; ನಾನು ಮರೆತವನ ಹಾಗೆ ನಿಂತ ಕತೆಯನ್ನು ಮುಂದೆ ಹೇಳುತ್ತೇನೆ.

ಆ ನಡುರಸ್ತೆಯ ಅವಮಾನ ಅಪ್ಪನನ್ನು ಕುಗ್ಗಿಸಿತು. ಮೋಟಾರು ಸುಟ್ಟಿತು, ಮತ್ತೆ ಸುತ್ತಿಸಿದರು, ಮತ್ತೆ ಸುಟ್ಟಿತು. ಅಷ್ಟರಲ್ಲಿ ಅಮ್ಮನಿಗೆ ಕಾಮಾಲೆ. ನೋಡಿಕೊಂಡು ಹೋಗಲು ಬಂದ ಸೋದರಮಾವನಿಗೆ ಆಗಷ್ಟೇ ವಾಸ್ತುವಿನ ಹುಚ್ಚು ಹಿಡಿದಿತ್ತು. ಷೆಡ್ಡಿನಲ್ಲಿ ಲಾಳಿಕೆ ಕಂಡು ಇದೇನು ಎಂದ. ಹೇಳಿದೆವು. ಅವನ ಮುಖ ಬಿಳುಪೇರಿತು.

“ನೈಋತ್ಯದಲ್ಲಿ ಹೊಂಡ! ಅದರೊಳಗೆ ಇದ್ದಿಲು, ಉಪ್ಪು! ಭಾವಾ, ಇದನ್ನ ಮಾಟ ಮಾಡೋರು ಹೂಳ್ತಾರೆ. ನೀವು ಕೂಲಿ ಕೊಟ್ಟು ಹೂಳಿಸ್ಕೊಂಡಿದೀರಲ್ಲ!”

ಅಮ್ಮ ಹಾಸಿಗೆಯಲ್ಲೇ ಅಳಲು ಶುರುಮಾಡಿದಳು. ಟ್ರಾನ್ಸ್‌ಫಾರ್ಮರ್ ಸುತ್ತಬಲ್ಲ ನಮ್ಮಪ್ಪ, ಕಾರಿಗೆ ಬ್ಯಾಟರಿ ಕಟ್ಟಬಲ್ಲ ನಮ್ಮಪ್ಪ, ಒಂದು ವಾರ ಅದನ್ನು ಮೂಢನಂಬಿಕೆ ಎಂದು ಬೈದು, ಎಂಟನೆಯ ದಿನ ಕಟಿಂಗ್ ಪ್ಲೇಯರ್ ಹಿಡಿದು ಷೆಡ್ಡಿಗೆ ಹೋದರು. ಹೊಂಡಕ್ಕೂ ಮನೆಗೂ ಸಂಬಂಧವೇ ಇರಕೂಡದೆಂದು ಮಾವ ಹೇಳಿದ್ದ. ತಂತಿ ಕತ್ತರಿಸಿ, ಅದರ ತುದಿಯನ್ನು ಷೆಡ್ಡಿನ ಹೊರಗಿನ ನಲ್ಲಿಯ ಪೈಪಿಗೆ ಸುತ್ತಿದರು. “ಈ ಪೈಪೂ ಭೂಮಿಗೇ ತಾನೇ ಹೋಗೋದು,” ಎಂದರು. ಗಾರೆಯವನೂ ನಾನೂ ಹಿಡಿದು ಹೊಂಡದ ಮೇಲೆ ಚಪ್ಪಡಿ ಎಳೆದೆವು. ನಮ್ಮ ಪಾತ್ರೆ ತೊಳೆಯುವ ಕೆಂಪಮ್ಮ ನೋಡುತ್ತ ನಿಂತಿದ್ದವಳು, “ನಲ್ಲಿಗೆ ಯಾಕೆ ಬುದ್ಧಿ ತಂತಿ ಕಟ್ತೀರಿ?” ಎಂದಳು. “ನಿನಗೆ ಅರ್ಥ ಆಗಲ್ಲ, ಕೆಲ್ಸ ನೋಡ್ಕೋ,” ಎಂದರು ಅಪ್ಪ.

ಅರ್ಥವಾಗದೆ ಹೋದದ್ದು ನಮಗೆ. ಹಿಂದಿನ ವರ್ಷ ಆ ಪೈಪು ತುಕ್ಕು ಹಿಡಿದು ಸೋರುತ್ತಿತ್ತು. ನೀರಿನ ಮೀಟರಿನ ಹತ್ತಿರ ಒಂದು ಮಾರು ಕಬ್ಬಿಣ ಕತ್ತರಿಸಿ ಕಪ್ಪು ಪ್ಲಾಸ್ಟಿಕ್ ಪೈಪು ಹಾಕಿಸಿದ್ದೆವು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ನಲ್ಲಿಗೆ ಬಂದದ್ದು ಭೂಮಿಗೆ ಹೋಗುವಂತಿರಲಿಲ್ಲ, ನಲ್ಲಿಯಲ್ಲೇ ಕಾಯುವಂತಾಗಿತ್ತು. ಇದು ಅಪ್ಪನಿಗೆ ನೆನಪಾಗಲಿಲ್ಲ. ನನಗೂ ಆಗಲಿಲ್ಲ, ಆಮೇಲೆ ಆಯಿತು.

ಬೇಸಿಗೆ ಬಂತು, ಬಿಂದಿಗೆಯ ಜೊತೆ ಅವರೂ ಬಂದರು. ಅಪ್ಪ ಗೇಟಿನಲ್ಲೇ ತಡೆದು, “ನಾವೇ ಹಾಕಿದೀವಿ ಹೋಗಯ್ಯ, ಬೆಳಿಗ್ಗೇನೇ ಹಾಕಿದೀವಿ,” ಎಂದರು. ಅವರು ನನ್ನ ಕಡೆ ನೋಡಿದರು.

“ಹೌದಾ ಚಿಕ್ಕೆಜಮಾನ್ರೇ?”

ತಲೆಯಾಡಿಸಿದೆ. ಅವರಿಗೆ ನಿಜವಾಗಿ ಸಂತೋಷವಾಯಿತು. ಬೀದಿಯಲ್ಲಿ ಹೇಳಿಸಿಕೊಳ್ಳದೆ ನೀರು ಹಾಕಿದ ಮೊದಲ ಮನೆ ನಿಮ್ಮದು ಎಂದು ಹೇಳಿ ಸೈಕಲ್ಲು ಹತ್ತಿದರು. ಆ ದಿನ ಗೇಟು ತೆಗೆದು ಒಳಗೆ ಬಿಟ್ಟಿದ್ದರೆ ಅವರು ನಮ್ಮನ್ನು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಅಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಹದಿನೈದು ದಿನದ ಮೇಲೆ ಒಂದು ಬೆಳಿಗ್ಗೆ, ಅಪ್ಪ ಚಾರ್ಜಿಂಗ್ ಪೆಟ್ಟಿಗೆಗೆ ಸ್ವಿಚ್ ಹಾಕಿ ಕಾಫಿಗೆ ಒಳಗೆ ಬಂದಿದ್ದರು. ಒಳಗಿನ ತಂತಿ ಸುಟ್ಟು ಕರೆಂಟು ಪೆಟ್ಟಿಗೆಯ ಕಬ್ಬಿಣಕ್ಕೆ, ಅಲ್ಲಿಂದ ಅರ್ತ್ ತಂತಿ ಹಿಡಿದು ನಲ್ಲಿಗೆ ಬಂದಿತ್ತು. ಕೆಂಪಮ್ಮ ಒದ್ದೆ ಕಾಲಿನಲ್ಲಿ ನಲ್ಲಿ ತಿರುಗಿಸಿದಳು. ಕೂಗಲಿಲ್ಲ. ಬಕೆಟ್ಟು ಉರುಳಿದ ಸದ್ದಿಗೆ ನಾವು ಹೊರಗೆ ಬಂದೆವು. ಅವಳ ಬಲಗೈ ನಲ್ಲಿಗೆ ಅಂಟಿಕೊಂಡಿತ್ತು, ಮೈ ನಡುಗುತ್ತಿತ್ತು. ಅಪ್ಪ ಓಡಿಹೋಗಿ ಮೈನ್ ತೆಗೆದರು. ಅವಳು ಬದುಕಿದಳು. ಬಲಗೈಯ ಮೂರು ಬೆರಳು ಮಡಿಸಿಕೊಂಡವು, ಮತ್ತೆ ಬಿಚ್ಚಲಿಲ್ಲ. ಪಾತ್ರೆ ತೊಳೆದು ಎರಡು ಮಕ್ಕಳನ್ನು ಸಾಕುತ್ತಿದ್ದ ಕೈ ಅದು.

ಆಸ್ಪತ್ರೆಯಿಂದ ಸುದ್ದಿ ಹೋಗಿ ವೈರಿಂಗ್ ಪರೀಕ್ಷೆಗೆ ಕರೆಂಟ್ ಇಲಾಖೆಯ ಅಧಿಕಾರಿಯೊಬ್ಬರು ಬರುತ್ತಾರೆಂದು ತಿಳಿಯಿತು. “ನಿಮ್ಮಪ್ಪನ್ನ ಪೊಲೀಸ್ರು ಕರ್ಕೊಂಡು ಹೋಗ್ತಾರೆ ಕಣೋ. ಈ ವಯಸ್ಸಲ್ಲಿ ತಡ್ಕೊಳಲ್ಲ ಅವರು. ನೀನು ಬಾಯಿ ಬಿಡ್ಬೇಡ,” ಎಂದು ಅಮ್ಮ ನನ್ನ ಕೈ ಹಿಡಿದುಕೊಂಡಳು. ಅಪ್ಪ ಎರಡು ದಿನ ಊಟ ಬಿಟ್ಟು ಕುರ್ಚಿಯಲ್ಲಿ ಕೂತಿದ್ದರು, ಅಷ್ಟೆ. ಇದನ್ನು ನನ್ನ ಸಮರ್ಥನೆಗೆಂದು ಬರೆಯುತ್ತಿಲ್ಲ. ಇದ್ದದ್ದು ಹೀಗಿತ್ತು.

ಅಧಿಕಾರಿ ಬಂದ ದಿನ ಹೊಂಡ ತೋಡಿದ ಅವರನ್ನೂ ಕರೆಸಿದ್ದರು. ವರದಿಯಲ್ಲಿ ಅವರ ಸಹಿ, ನಲ್ಲಿಗೆ ಸುತ್ತಿದ ತಂತಿ ಕಣ್ಣೆದುರಿಗೆ. ಅಧಿಕಾರಿ ಕಾಗದವನ್ನೂ ನಲ್ಲಿಯನ್ನೂ ನೋಡಿ, “ಏನ್ರೀ ಇದು?” ಎಂದರು.

ಅವರು ಷೆಡ್ಡಿನ ಮೂಲೆ ನೋಡಿದರು. ಲಾಳಿಕೆಯಿಲ್ಲ. ಚಪ್ಪಡಿ. ಅದರ ಮೇಲೆ ಕಾರಿನ ಹಿಂದಿನ ಚಕ್ರ. ಒಂದು ಕ್ಷಣಕ್ಕೆ ಅವರಿಗೆಲ್ಲ ತಿಳಿಯಿತು.

“ಸಾರ್, ಈ ಕಲ್ಲು ಎತ್ತಿಸಿ. ಹೊಂಡ ಇದರ ಕೆಳಗೈತೆ. ಇದ್ದಿಲು ಐತೆ, ಉಪ್ಪು ಐತೆ, ಪೈಪ್ ಐತೆ. ತಂತಿ ತುಂಡು ಮಾಡಿರೋ ಗುರುತೂ ಐತೆ. ಬಲ್ಬ್ ಇಟ್ಟು ತೋರಿಸ್ತೀನಿ.”

“ಕಾರು ತೆಗೀರಿ ಹಾಗಾದ್ರೆ,” ಎಂದರು ಅಧಿಕಾರಿ, ಗಡಿಯಾರ ನೋಡುತ್ತ.

“ಬ್ರೇಕ್ ಕಚ್ಕೊಂಡಿದೆ ಸಾರ್, ಅಲ್ಲಾಡಲ್ಲ,” ಎಂದರು ಅಪ್ಪ.

ಬ್ರೇಕ್ ಕಚ್ಚಿರಲಿಲ್ಲ. ಹಿಂದಿನ ದಿನ ಅದನ್ನು ಚಪ್ಪಡಿಯ ಮೇಲಕ್ಕೆ ತಳ್ಳಿದವರಲ್ಲಿ ನಾನೊಬ್ಬ. ಅವರು ಚೀಲ ಕೆಳಗಿಟ್ಟು, ಕಾರಿನ ಹಿಂದೆ ಹೋಗಿ, ಗೋಡೆಗೂ ಕಾರಿಗೂ ನಡುವೆ ತೂರಿಕೊಂಡು ಭುಜ ಕೊಟ್ಟರು. ಕುತ್ತಿಗೆಯ ನರ ಉಬ್ಬಿತು. ಕಾರು ಒಂದು ಬೆರಳಿನಷ್ಟು ತೂಗಿ ಮತ್ತೆ ಕೂತಿತು. ಎರಡನೇ ಸಲವೂ ಅಷ್ಟೆ. ಆಗ ತಲೆಯೆತ್ತಿ ನನ್ನ ಕಡೆ ನೋಡಿದರು.

“ಒಂದ್ ಕೈ ಹಾಕಿ ಬನ್ನಿ.”

ಚಿಕ್ಕೆಜಮಾನ್ರೇ ಎನ್ನಲಿಲ್ಲ. ಮಾಗಡಿ ರಸ್ತೆಯಲ್ಲಿ ಕರೆದ ಹಾಗೆಯೇ ಕರೆದರು. ನಾನು ನಾಲ್ಕು ಹೆಜ್ಜೆ ಹೋಗಬೇಕಿತ್ತು. ಅಮ್ಮ ಕಿಟಕಿಯಲ್ಲಿದ್ದಳು. ಅಪ್ಪ ನೆಲ ನೋಡುತ್ತಿದ್ದರು. ನಾನು ಅಧಿಕಾರಿಗೆ ದಾರಿ ಬಿಡುವವನ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ.

ಅವರು ಮತ್ತೆ ಕರೆಯಲಿಲ್ಲ. ಬಂದು ಚೀಲ ಎತ್ತಿಕೊಂಡರು.

ಹೇಳಿಕೆ ಬರೆದುಕೊಡಬೇಕೆಂದಾಗ ಅಪ್ಪ ಕಾಗದವನ್ನು ನನ್ನ ಕಡೆ ಸರಿಸಿದರು. ನಾನು ಆಗ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಡ್ರಾಫ್ಟಿಂಗ್ ಚೆನ್ನಾಗಿದೆಯೆಂದು ಮೇಲಿನವರು ಹೊಗಳುತ್ತಿದ್ದರು. ಆ ವಿದ್ಯೆಯನ್ನೆಲ್ಲ ಅಲ್ಲಿ ಸುರಿದೆ. ಷೆಡ್ಡಿನ ವೈರಿಂಗ್ ಕೆಲಸ ಮಾಡಿದವರು ಇಂಥವರು ಎಂದು ಒಂದು ವಾಕ್ಯ, ಪೂರ್ತಿ ಹೆಸರಿನೊಂದಿಗೆ. ಅಪಘಾತದ ದಿನ ಅರ್ತ್ ತಂತಿ ನಲ್ಲಿಗೆ ಸುತ್ತಿದ್ದು ಕಂಡುಬಂತು ಎಂದು ಇನ್ನೊಂದು. ಎರಡು ವಾಕ್ಯವೂ ನಿಜ. ಅವನ್ನು ಪಕ್ಕಪಕ್ಕ ಕೂಡಿಸಿದ್ದು ಮಾತ್ರ ನಾನು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಅಪ್ಪನ ಕಡೆ ನೆರಳು ಬಿತ್ತು, ಅವರ ಕಡೆ ಬೆಳಕು. ಕೆಂಪಮ್ಮನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು.

ಅವರ ಲೈಸೆನ್ಸು ಹೋಯಿತು. ಪಕ್ಕದ ಮನೆಯವರು, ಅವರಿಗೆ ಹೊಂಡದಯ್ಯ ಎಂದು ಹೆಸರಿಟ್ಟವರೇ, “ಊರಿಗೆಲ್ಲ ಬುದ್ಧಿ ಹೇಳೋನು, ನೋಡಿ, ತಾನೇ ನಲ್ಲಿಗೆ ಕಟ್ಟಿದ್ದಾನೆ,” ಎಂದು ತಮ್ಮ ಮನೆಯ ಹೊಂಡವನ್ನೂ ಅನುಮಾನದಿಂದ ನೋಡತೊಡಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಆ ಎಮ್ಮೆಗೆ ಬರೆ ಹಾಕಿದ ಮೇಲೆ ಜನ ಅದಕ್ಕೇ ಜ್ವರ ಎಂದೂ ನಂಬುತ್ತಾರೆಂಬುದು ಗಾದೆ ಕಟ್ಟಿದವರಿಗೆ ಗೊತ್ತಿರಲಿಲ್ಲವೇನೋ.

ಅಪ್ಪ ಕಾರನ್ನು ಗುಜರಿಗೆ ಹಾಕಿದರು. ಚಪ್ಪಡಿ ಮಾತ್ರ ಅಲ್ಲೇ ಉಳಿಯಿತು. ಹೊಸ ವೈರ್‌ಮನ್ ಒಬ್ಬ ಬಂದು ಮನೆಯ ಹಿಂದುಗಡೆ, ಮಾವ ಹೇಳಿದ ಮೂಲೆಯಲ್ಲಿ, ಒಂದು ಗಂಟೆಯಲ್ಲಿ ಒಂದು ಸರಳು ಬಡಿದು ಹೋದ. ಕಾಫಿಯನ್ನು ಮೊದಲೇ ಕುಡಿದ.

ಅವರು ಆಮೇಲೆ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಷಾಪಿನಲ್ಲಿ ಮೋಟಾರಿಗೆ ಕಾಯಿಲ್ ಸುತ್ತುವ ಕೆಲಸಕ್ಕೆ ಸೇರಿದರು, ತಮಗಿಂತ ಹತ್ತು ವರ್ಷ ಚಿಕ್ಕವನ ಕೈಕೆಳಗೆ. ಆದರೆ ಬೇಸಿಗೆ ಬಂದರೆ ಭಾನುವಾರಗಳಂದು ಬಿಂದಿಗೆ ಕಟ್ಟಿಕೊಂಡು ನಮ್ಮ ಬೀದಿಗೆ ಬರುವುದು ಬಿಡಲಿಲ್ಲ. ಬಾಗಿಲು ತೆಗೆದ ಮನೆಗಳಲ್ಲಿ ನೀರು ಹುಯ್ಯುತ್ತಿದ್ದರು, ತೆಗೆಯದಿದ್ದರೆ ಮುಂದಕ್ಕೆ ಹೋಗುತ್ತಿದ್ದರು. ನಮ್ಮ ಗೇಟಿನ ಮುಂದೆ ಮಾತ್ರ ಸೈಕಲ್ಲಿನಿಂದ ಇಳಿಯುತ್ತಿರಲಿಲ್ಲ. ನಾನು ಪೇಪರ್ ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದೆ.

ಒಂದೇ ಒಂದು ಸಲ ಸಿಕ್ಕಿಬಿದ್ದೆ, ವಿಜಯನಗರದ ಬಸ್ ನಿಲ್ದಾಣದಲ್ಲಿ. ಪಕ್ಕದಲ್ಲಿ ಬಂದು ನಿಂತವರು ಅವರೆಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಬೆರಳೆಲ್ಲ ವಾರ್ನಿಷ್ ಮೆತ್ತಿ ಕಂದಾಗಿತ್ತು. ಕಿವಿಯ ಮೇಲೆ ಟೆಸ್ಟರ್ ಇರಲಿಲ್ಲ.

“ಹೇಗಿದೀರಿ?” ಎಂದೆ, ನಾಚಿಕೆಯಿಲ್ಲದೆ.

“ಅಮ್ಮಾವ್ರು ಮಣೆ ಮೇಲೆ ನಿಂತ್ಕೊಂಡೇ ಇಸ್ತ್ರಿ ಮಾಡ್ತಾರಾ?”

“ಹೂಂ.”

“ಮಾಡ್ಲಿ.” ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಆಮೇಲೆ ಹೇಳಿದರು. “ನಿಮ್ಮ ತಂದೆಯವ್ರ ಮೇಲೆ ನಂಗೆ ಕೋಪ ಇಲ್ಲ. ಅವ್ರು ಹೆದರ್ಕೊಂಡಿದ್ರು. ಹೆದರ್ಕೊಂಡೋನು ಏನು ಬೇಕಾದ್ರೂ ಹೇಳ್ತಾನೆ. ನೀವು ಉಪ್ಪು ಎತ್ತಿ ಕೊಟ್ಟಿದ್ರಲ್ಲ, ಅದೇ ತಲೆಯಿಂದ ಹೋಗಲ್ಲ.”

ಬಸ್ಸು ಬಂತು. ಅದು ನನ್ನ ಬಸ್ಸಲ್ಲ, ಆದರೂ ಹತ್ತಿದೆ.

ದಶಕ ಮುಗಿಯುವ ಮುಂಚೆ ಅವರು ತೀರಿಕೊಂಡರು. ಎದೆ ನೋವು ಎಂದರು. ಕೆಂಪಮ್ಮ ಹೇಳಿದ್ದರಿಂದ ಗೊತ್ತಾಯಿತು. ಎಡಗೈಯಲ್ಲಿ ಕೆಲಸ ಕಲಿತು ಬೇರೆ ಮನೆಗಳಿಗೆ ಹೋಗುತ್ತಿದ್ದಳು, ನಮ್ಮ ಮನೆಗೆ ಬರುತ್ತಿರಲಿಲ್ಲ. ಹನ್ನೊಂದು ದಿನ ಕಳೆದ ಮೇಲೆ ಹೋದೆ. ದೇವರ ಪಟದ ಪಕ್ಕದ ಗೋಡೆಯಲ್ಲಿ ಮೊಳೆ ಇತ್ತು, ಅದರ ಕೆಳಗೆ ಬಣ್ಣ ಮಾಸದ ಒಂದು ಚೌಕ. ಅವರ ಹೆಂಡತಿಗೆ ನನ್ನ ಗುರುತಿರಲಿಲ್ಲ. ಅವರು ಕೆಲಸ ಮಾಡಿದ ಒಂದು ಮನೆಯವನು ಎಂದೆ. ಆಕೆಯ ಮುಖ ಅರಳಿತು.

“ಹೊಂಡ ಹ್ಯಾಗೈತಪ್ಪ ನಿಮ್ಮನೇದು? ನೀರು ಹಾಕ್ತೀರಾ? ಕೊನೇ ದಿವ್ಸದವರ್ಗೂ ಅದನ್ನೇ ಕೇಳೋರು.”

“ಚೆನ್ನಾಗಿದೆ. ಹಾಕ್ತೀವಿ,” ಎಂದೆ.

ಅಪ್ಪ ಹೋದರು, ಅಮ್ಮ ಹೋದಳು. ಅವರಿಬ್ಬರೂ ಹೋದ ಮೇಲಾದರೂ ಹೇಳಬಹುದಿತ್ತು. ಆಗ ಕೇಳುವವರು ಯಾರೂ ಇಲ್ಲವೆಂದು ಸುಮ್ಮನಾದೆ. ಕೇಳುವವರಿದ್ದಾಗ ಬೇರೆ ಕಾರಣ ಇತ್ತು.

ಮೊನ್ನೆ ಮೇಲಿನ ಹೆಣ್ಣುಮಗಳನ್ನು ಕರೆದು ಚಪ್ಪಡಿ ಎತ್ತಿಸಿಕೋ ಎಂದೆ. ಎಲೆಕ್ಟ್ರಿಷಿಯನ್ ಬಂದ, ಮೂವತ್ತರ ಆಸುಪಾಸಿನವನು, ಚುರುಕು. ಹಾರೆ ಹಾಕಿ ಎತ್ತಿದಾಗ ಕೆಳಗೆ ಕಪ್ಪು ಮಣ್ಣು, ತುಕ್ಕಿನ ಪುಡಿ, ಲಾಳಿಕೆಯ ಒಂದು ತಗಡು ಚೂರು. ಹಾರೆಯಿಂದ ಕೆದಕಿದರೆ ಪೈಪು ಬಿಸ್ಕತ್ತಿನ ಹಾಗೆ ಉದುರಿತು. ನೀರು ಕಂಡು ಮೂವತ್ತೆಂಟು ವರ್ಷವಾಗಿದ್ದ ಮಣ್ಣು.

“ಯಾರೋ ಹಳೇ ಕಾಲದಲ್ಲಿ ಅರ್ತಿಂಗ್ ಅಂತ ಏನೋ ಮಾಡವ್ರೆ ಸಾರ್, ಕಾಟಾಚಾರಕ್ಕೆ. ಏನೂ ಉಳಿದಿಲ್ಲ. ಕೆಲ್ಸ ಬರ್ದೇ ಇರೋರು.”

“ಕಾಟಾಚಾರಕ್ಕಲ್ಲ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. ಮೆಟ್ಟಿಲ ಮೇಲಿದ್ದ ಹೆಣ್ಣುಮಗಳು ತಿರುಗಿ ನೋಡಿದಳು. “ಅವರು ಸರಿಯಾಗಿ ಮಾಡಿದ್ರು. ಉಪ್ಪು ನಾನೇ ಎತ್ತಿ ಕೊಟ್ಟಿದ್ದೆ. ತಂತಿ ತುಂಡು ಮಾಡಿದ್ದು ನಮ್ಮಪ್ಪ. ಕಲ್ಲು ಮುಚ್ಚಿದ್ದು ನಾವು. ನೀರು ಹಾಕ್ದೇ ಇದ್ದಿದ್ದೂ ನಾವೇ. ಅವರದೇನೂ ತಪ್ಪಿಲ್ಲ.” ಆಮೇಲೆ ಅವರ ಹೆಸರು ಹೇಳಿದೆ, ಪೂರ್ತಿ ಹೆಸರು.

ಅವನು ಹಾರೆ ಹಿಡಿದುಕೊಂಡು ಒಂದು ಕ್ಷಣ ನನ್ನನ್ನೇ ನೋಡಿದ. ಯಾರೆಂದು ನೆನಪು ಮಾಡಿಕೊಳ್ಳಲು ಅವನಿಗೇನಿದೆ?

“ಸರಿ ಸಾರ್,” ಎಂದ. “ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ಮಣ್ಣು ಎತ್ತಬೇಕು.”

ಪಕ್ಕಕ್ಕೆ ಸರಿದೆ. ಅದೊಂದು ಕೆಲಸ ನನಗೆ ಮೊದಲಿನಿಂದಲೂ ಬರುತ್ತದೆ.